ಸಿದ್ದಮ್ಮನ ಗಿಳಿಯ ಕೊಕ್ಕು

ಗಿಳಿ ಕಚ್ಚಿದರೆ ಯಾರಾದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಸಿದ್ದಮ್ಮ ಎಳೆದುಕೊಳ್ಳುತ್ತಿರಲಿಲ್ಲ. ಬೆರಳು ಕೊಕ್ಕಿನಲ್ಲಿ, ಮುಖ ಕಲ್ಲಿನ ಹಾಗೆ. ಮೊದಲ ಸಲ ನೋಡಿದಾಗ ನಾನೇ ಕಿರುಚಿದೆ.

"ಕೈ ತಗಿಯೇ, ರಕ್ತ!"

"ಕಿರುಚಬ್ಯಾಡ ಕಣಕ್ಕ. ಕಿರುಚಿದ್ರೆ ಆಟ ಅನ್ಕಂಡು ಇನ್ನೊಂದ್ ಕಿತ ಕಚ್ತದೆ."

ಆ ಬೂದು ಗಿಳಿಯನ್ನು ಮೈಸೂರಿನ ಅಂಗಡಿಯಿಂದ ತಂದವನು ಅವಳ ಮಗ ಮಹೇಶ. ವಾರದಲ್ಲೇ ಬೇಜಾರಾಗಿ ಅವ್ವನ ತಲೆಗೆ ಕಟ್ಟಿದ. ಗಂಡ ಬದುಕಿದ್ದಾಗ ಅವನ ಹತ್ತಿರವೂ ಅಷ್ಟು ಮಾತಾಡದ ಹೆಂಗಸು ಪಂಜರದ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು.

"ಸುಮ್‌ಸುಮ್ನೆ ಕಚ್ಚಲ್ಲ ಅದು. ಮೊದ್ಲು ಕತ್ತಿನ ಪುಕ್ಕ ಉಬ್ಬಿಸ್ತದೆ, ಕಣ್ಣಿನ ಪಾಪೆ ಚಿಕ್ಕದ್ ಮಾಡ್ತದೆ. ಬ್ಯಾಡ ಅಂತ ಹೇಳದು ಹಂಗೆ. ನಾವು ಕೇಳದಿಲ್ಲ."

ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ.

ಒಂದು ದಿನ ಮಹೇಶ ಮೊಬೈಲಿನಲ್ಲಿ ವಿಡಿಯೊ ಮಾಡಲು ತನ್ನ ಮಗಳಿಂದ ಗಿಳಿಯ ಮುಖಕ್ಕೆ ಉಫ್ ಎಂದು ಊದಿಸುತ್ತಿದ್ದ. ನಾನು ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದೆ. ಗಿಳಿ ಪುಕ್ಕ ಉಬ್ಬಿಸಿತು.

"ಸಾಕು ಬುಡ್ಲಾ!" ಸಿದ್ದಮ್ಮ ಒಳಗಿನಿಂದ ಕೂಗಿದಳು.

"ಇನ್ನೊಂದ್ಸಲ ಊದು ಪುಟ್ಟಿ."

ಮಗುವಿನ ತುಟಿ ಹರಿಯಿತು. ಸಿದ್ದಮ್ಮ ಓಡಿಬಂದು ಸೆರಗಿನಿಂದ ಆ ತುಟಿಯನ್ನು ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಮಗನ ಕೆನ್ನೆಗೆ ಬಾರಿಸಿದಳು. ಮಗಳ ತಂದೆಯಾದ ಗಂಡಸಿಗೆ! ನನ್ನ ಕೈಯಿಂದ ಮೊರ ಜಾರಿತು.

ಅವನು ಒಳಗೆ ಹೋಗಿ ಕಟಿಂಗ್ ಪ್ಲೇಯರ್ ತಂದ. "ಕೊಕ್ಕಿನ ತುದಿ ಕತ್ತರಿಸ್ಬುಡ್ತೀನಿ."

"ಆ ಕೊಕ್ಕೇ ಅದ್ಕೆ ಕೈ ಕಣ್ಲಾ! ಕಂಬಿ ಹತ್ತಕ್ಕೂ ಅದೇ, ಹಿಡ್ಕಳಕ್ಕೂ ಅದೇ." ಪಂಜರಕ್ಕೆ ಅಡ್ಡ ನಿಂತಳು.

"ಇವತ್ತಲ್ದಿದ್ರೆ ನಾಳೆ. ಎಷ್ಟೊತ್ತು ಕಾಯ್ತೀಯ ನೋಡನ."

ಮಾರನೆಯ ಬೆಳಿಗ್ಗೆ ಅವಳು ಪಂಜರ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ಹೋದಳೆಂದು ಕೇಳಿ ಬರಿಗಾಲಲ್ಲೇ ಓಡಿದೆ. ಚಾಮರಾಜನಗರದ ಬಸ್ಸಿನಲ್ಲಿ ಕೂತಿದ್ದಳು. ಮಡಿಲಲ್ಲಿ ಪಂಜರ, ಮೇಲೆ ಟವೆಲ್ಲು.

"ಒಂದ್ ಹಕ್ಕಿಗೋಸ್ಕರ ಮಗನ್ನ ಬುಟ್ಟು ಓಯ್ತೀಯೇನೇ?"

"ತಂಗಿ ಮನೇಲಿ ಜಾಗ ಅದೆ. ಅವನ್ಗೆ ಎಷ್ಟ್ ಕಿತ ಬ್ಯಾಡ ಅಂದೆ, ನೀನೂ ಕೇಳುಸ್ಕಂಡ್ಯಲ್ಲ. ನಾನೂ ಕಚ್ಚದ್ರೊಳ್ಗೆ ಓಯ್ತೀನಿ ಬುಡಕ್ಕ."

ಕಿಟಕಿಯೊಳಗೆ ಕೈ ಹಾಕಿ, ಪಂಜರದಿಂದ ಜಾರುತ್ತಿದ್ದ ಟವೆಲ್ಲನ್ನು ಸರಿಮಾಡಿದೆ.

ಕಂಡಕ್ಟರ್ ಬಂದ. "ಅಜ್ಜಿ, ಗಿಳಿಗೂ ಅರ್ಧ ಟಿಕೆಟ್ ತಗಬೇಕು."

"ಅರ್ಧ ಯಾಕಪ್ಪ? ಪೂರ್ತಿ ಕೊಡು."

ಅವಳು ಸರಿದು ಕೂತು, ಪಂಜರವನ್ನು ಕಿಟಕಿ ಪಕ್ಕದ ಸೀಟಿನ ಮೇಲಿಟ್ಟಳು. ಬಸ್ಸು ಹೊರಟಿತು. ಮಗ ಕರೆಯಲು ಹೋಗಲಿಲ್ಲ, ಅವಳು ತಿರುಗಿ ಬರಲಿಲ್ಲ.