ಅಂಗೈಯಗಲದ ಬೀಸುಕಲ್ಲು

ವೀರೇಶ, ಅಕ್ಷತಾ, ಎದುರು ಕೂತು ಇದನ್ನು ಹೇಳಲು ನನಗೆ ನಾಚಿಕೆ. ನಿಮ್ಮ ಅಜ್ಜನಿಗೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಹಂಪಿ ಮಗ್ಗುಲಿನ ನಮ್ಮ ಊರಲ್ಲಿ ಹಿಟ್ಟಿನ ಗಿರಣಿ ಇರಲಿಲ್ಲ. ನಸುಕಿನಲ್ಲೇ ಮನೆಮನೆಯ ಬೀಸುಕಲ್ಲು ಗುರುಗುಡುತ್ತಿತ್ತು. ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡಲು ವರ್ಷಕ್ಕೆರಡು ಸಲ ಹುಲುಗಜ್ಜ ಬರುತ್ತಿದ್ದ. ಬಂದರೆ ಗುಡ್ಡದ ಮೇಲಿನ ಹಾಳುಗುಡಿಯ ಹೊರಜಗಲಿಯಲ್ಲೇ ಅವನ ಬಿಡಾರ. ಹಂಪಿ ಹಾಳಾದ ಯುದ್ಧದಲ್ಲಿ ಆ ಗುಡಿಯನ್ನು ಕೆಡವಿದ್ದರಂತೆ. ಒಳಗಿದ್ದ ಅಮ್ಮನ ಮೂರ್ತಿಗೆ ಮೂಗಿರಲಿಲ್ಲ, ಕೈಗಳಿರಲಿಲ್ಲ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದೆಂದು ಊರವರು ಅತ್ತ ಹೋಗುತ್ತಿರಲಿಲ್ಲ. ಬಾವಲಿಗಳ ನಾತದ ನಡುವೆ ಒಬ್ಬಳೇ ನಿಂತ ಆ ಅಮ್ಮನನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತಿತ್ತು.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಹುಲುಗಜ್ಜ ನನಗೊಂದು ಅಂಗೈಯಗಲದ ಬೀಸುಕಲ್ಲು ಮಾಡಿಕೊಟ್ಟ. ಅವನು ಕೆಲಸಕ್ಕೆ ಹೋದಾಗ ನಾನು ಗುಡಿಗೆ ಹೋಗಿ, ಅಮ್ಮನ ಮುಂದೆ ಕುಣಿ ತೋಡಿ ಆಟದ ಒಲೆ ಹೂಡಿದೆ. ಮನೆಯಿಂದ ಕದ್ದ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿಟ್ಟೆ. ಹಿಡಿ ಜೋಳ ಬೀಸಿ ಎಡೆ ಹಿಡಿದೆ. ಅಷ್ಟರಲ್ಲಿ ಕೆಳಗಿನಿಂದ ಅವ್ವ ಕೂಗಿದಳು. ಎಲ್ಲ ಬಿಟ್ಟು ಓಡಿದೆ.

ಮರುದಿನ ಕುರಿ ಕಾಯುವವರು ಅದನ್ನು ಕಂಡರು. ಅಗೆದ ಕುಣಿ, ಕೊಯ್ದ ನಿಂಬೆಹಣ್ಣು, ಕುಂಕುಮ. ನಿಧಿಗಳ್ಳರ ಕೆಲಸವೆಂದು ಊರಿಗೆ ಊರೇ ನಂಬಿತು. ಹುಲುಗಜ್ಜನ ಜೋಳಿಗೆ ಯಾಕಷ್ಟು ಭಾರ, ಊರು ಬಿಟ್ಟು ಅಲ್ಲೇ ಯಾಕೆ ಮಲಗುತ್ತಾನೆ ಎಂದು ಹೆಂಗಸರು ಪಿಸುಗುಟ್ಟಿದರು. ನಿನ್ನೆ ಅವನಿಗೆ ಮಜ್ಜಿಗೆ ಕೊಟ್ಟವರೇ ಅವನನ್ನು ಕಂಡು ಮಕ್ಕಳನ್ನು ಒಳಗೆಳೆದುಕೊಂಡರು.

ನಾನು ಅವ್ವನಿಗೆ ನಿಜ ಹೇಳಿದೆ. ಅವಳು ಮೊದಲು ಬಾಗಿಲು ಮುಚ್ಚಿದಳು.

"ಬಾಯಿ ಬಿಟ್ಟಿ ಅಂದ್ರ ನಿಮ್ಮಪ್ಪನ ಮ್ಯಾಲ ಬರ್ತೈತಿ. ಮಗಳ್ನ ಮುಂದ ಮಾಡಿ ನಿಧಿ ಪೂಜಿ ಮಾಡ್ಸ್ಯಾನ ಅಂತಾರ. ಸುಮ್ಕಿರು."

ಸುಮ್ಮನಿದ್ದೆ.

ಹಿರಿಯರು ಹುಲುಗಜ್ಜನನ್ನು ಗುಡಿಗೆ ಕರೆದೊಯ್ದರು. ಮಕ್ಕಳ ಹಿಂದೆ ನಾನೂ ಹೋದೆ. ಕುಣಿಯ ಅಂಚಿನ ಮಣ್ಣಲ್ಲಿ ನನ್ನ ಕಲ್ಲು ಅರ್ಧ ಹೂತಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಅದರ ಮೇಲೆ ಟವೆಲ್ ಹಾಸಿ ಕೂತುಬಿಟ್ಟ.

"ಕುಂದ್ರಾಕ ಕರದೀವೇನಲೇ? ನೀನ ಅಗದಿ, ಹೌದಿಲ್ಲೋ?" ಎಂದರು ಗೌಡರು.

"ನಾ ಅಗದಿಲ್ರಿ. ಯಾರಂತ ಗೊತ್ತಿಲ್ರಿ."

ಇನ್ನು ಈ ಊರಲ್ಲಿ ಯಾರ ಕಲ್ಲನ್ನೂ ಮುಟ್ಟಬಾರದೆಂದು ಹೇಳಿದರು.

ಹೊರಡುವಾಗ ಅವನು ನಮ್ಮ ಹಿತ್ತಲಿಗೆ ಬಂದು ಕಲ್ಲನ್ನು ನನ್ನ ಕೈಗಿಟ್ಟ.

"ಆಟದ ಸಾಮಾನು ಕಂಡಕಂಡಲ್ಲಿ ಬಿಡಬಾರ್ದವ್ವ."

ಅವ್ವ ಕದದ ಮರೆಯಲ್ಲೇ ಇದ್ದಳು. ಹೊರಗೆ ಬರಲಿಲ್ಲ.

ಅವನು ಮತ್ತೆ ಬರಲಿಲ್ಲ. ನಮ್ಮ ಬೀಸುಕಲ್ಲು ನುಣುಪಾಯಿತು. ತರಿತರಿ ಹಿಟ್ಟಿನ ರೊಟ್ಟಿ ಹರಿದಾಗಲೆಲ್ಲ ಅಪ್ಪ ಬೈಯುತ್ತಿದ್ದ, ಅವ್ವ ತಲೆ ತಗ್ಗಿಸುತ್ತಿದ್ದಳು.

ಈಗ ನಾವಿರುವ ಚಿತ್ತವಾಡ್ಗಿಯಲ್ಲಿ ಬೀದಿಗೊಂದು ಗಿರಣಿ. ನಸುಕಿನ ಆ ಗುರುಗುಡು ಇಲ್ಲ, ಕಚ್ಚು ಹಾಕುವವರೂ ಇಲ್ಲ. ಗುಡಿ ಒಡೆದವರ ಕತೆಯನ್ನು ಹಂಪಿಯ ಗೈಡುಗಳು ದಿನಾ ಹೇಳುತ್ತಾರೆ. ಅದೇ ಗುಡಿಯಲ್ಲಿ ನಾವು ಒಬ್ಬನ ಅನ್ನ ಕಸಿದದ್ದನ್ನು ಹೇಳಲು ಉಳಿದವಳು ನಾನೊಬ್ಬಳೇ.

ಆ ಕಲ್ಲು ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರ ಕೆಳಗೇ ಇಡುತ್ತೇನೆ. ಹುಲುಗಜ್ಜನ ಕಡೆಯವರು ಎಂದಾದರೂ ಸಿಕ್ಕರೆ ಓದಿ ಹೇಳಿ. ಅಲ್ಲಿಯವರೆಗೆ ಕಲ್ಲು ಜೋಪಾನ, ಮಕ್ಕಳೇ.