ಆಯುಧಪೂಜೆಗೆ ಆರಿಸಿದ ಫರ್ನೇಸ್

ಮೊನ್ನೆ ಹೊಸಪೇಟೆಯ ಕ್ಲಿನಿಕ್ಕಿನಲ್ಲಿ ಮಗಳ ಮೊಣಕಾಲಿನ ಗಾಯಕ್ಕೆ ಅಯೋಡಿನ್ ಹಚ್ಚಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ನಮ್ಮ ಹಳೆಯ ಲ್ಯಾಬಿನಲ್ಲಿದ್ದೆ. ಹರಳು ಬೆಳೆಯಲೆಂದು ಅಕ್ಕ ಗಾಜಿನ ಕೊಳವೆಯೊಳಗೆ ಚೂರು ಅಯೋಡಿನ್ ಹಾಕುತ್ತಿದ್ದಳು. ಕೊಳವೆ ಒಡೆದಾಗಲೆಲ್ಲ ಇದೇ ವಾಸನೆ...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಾನು ಭೌತಶಾಸ್ತ್ರ ಎಂ.ಎಸ್ಸಿ. ಓದುವಾಗ ನಮ್ಮ ವಿಭಾಗದಲ್ಲೇ ಪಿಎಚ್.ಡಿ. ಮಾಡುತ್ತಿದ್ದವಳು. ಸಂಡೂರು ಕಡೆಯ ಬಂಡ್ರಿಯವಳು, ಅಪ್ಪ ಗಣಿಯಲ್ಲಿ ಅದಿರು ತುಂಬುತ್ತಿದ್ದವರು. "ನಮ್ಮ ಹುಡುಗಿ ಡಾಕ್ಟ್ರು ಆಗ್ತಾಳ" ಎಂದು ಅವರು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದರು.

ಅವಳ ಹರಳು ಚಿರೋಟಿಯ ಹಾಗೆ ಪದರ ಪದರ. ನಯೋಬಿಯಂ ಎಂಬ ಲೋಹ ಮತ್ತು ಗಂಧಕ ಸೇರಿ ಆದ ಆ ಪದರಗಳ ಸಂದಿಯಲ್ಲಿ ಕಬ್ಬಿಣದ ಪರಮಾಣುಗಳನ್ನು ಕೂರಿಸಿದರೆ ಅದಕ್ಕೆ ಕಾಂತಗುಣ ಬರುತ್ತದೆ. ಎಂಥ ಕಾಂತಗುಣ ಎಂಬುದು ಅವು ಎಷ್ಟು ಕ್ರಮವಾಗಿ ಕೂತಿವೆ ಎಂಬುದರ ಮೇಲೆ. ಅದಕ್ಕೆ ಆ ಕೊಳವೆ ಇಟ್ಟ ಫರ್ನೇಸ್, ಅಂದರೆ ವಿದ್ಯುತ್ ಕುಲುಮೆ, ವಾರಗಟ್ಟಲೆ ಕಾದು, ಭಾರಿ ನಿಧಾನಕ್ಕೆ ತಣಿಯಬೇಕು. "ಗಡಿಬಿಡಿ ಮಾಡಿದ್ರ ಸಿಕ್ಕಸಿಕ್ಕಲ್ಲಿ ಕುಂತಬಿಡ್ತಾವಲೇ, ಸಂಡೂರು ಬಸ್ಸಿನ ಮಂದಿ ಹಂಗ" ಎಂದು ನಗುತ್ತಿದ್ದಳು.

ಆ ವರ್ಷ ಅವಳ ಪಿಎಚ್.ಡಿ. ಅವಧಿ ಮುಗಿಯುವುದರಲ್ಲಿತ್ತು. ಹಿಂದಿನ ಹರಳುಗಳೆಲ್ಲ ಅರೆಬರೆ. ಫರ್ನೇಸಿನಲ್ಲಿದ್ದ ಇದೊಂದು ಸರಿಯಾಗಿ ಬಂದರೆ ಪ್ರಬಂಧ ಮುಗಿದಂತೆ. ಅಷ್ಟರಲ್ಲಿ ಆಯುಧಪೂಜೆ. ಅಕ್ಕ ಉರಿಯುವ ಫರ್ನೇಸಿಗೇ ಕೈಮುಗಿದು, "ಆರಿಸಬೇಡಿ" ಎಂದು ದಪ್ಪಕ್ಷರದ ಚೀಟಿ ಅಂಟಿಸಿ ಊರಿಗೆ ಹೋದಳು.

ರಜೆ ಮುಗಿಸಿ ನಾನು ನಮ್ಮೂರು ಕಂಪ್ಲಿಯಿಂದ, ಅವಳು ಬಂಡ್ರಿಯಿಂದ ಬಂದು ನೋಡಿದರೆ ಫರ್ನೇಸ್ ತಣ್ಣಗೆ ಕೂತಿತ್ತು. ಮೈತುಂಬ ವಿಭೂತಿ, ಮೇಲೊಂದು ಚೆಂಡುಹೂವಿನ ಹಾರ. ಬಿಸಿಗೆ ಹಾರ ಸುಟ್ಟೀತೆಂದು ನಮ್ಮ ವಿಭಾಗದ ಮುಖ್ಯಸ್ಥರೇ ಆರಿಸಿದ್ದರಂತೆ! ಕುಂಕುಮ ಇಟ್ಟದ್ದು ಆ ಚೀಟಿಯ ಮೇಲೇ.

"ಒಂದಿನ ಮಿಷಿನ್ನಿಗೆ ರೆಸ್ಟ್ ಕೊಟ್ರ ಏನ್ ಗಂಟು ಹೋಗ್ತೈತಮ್ಮಾ? ಮತ್ತ ಹಚ್ಚಿದ್ರಾತು" ಎಂದರು ಅವರು.

"ನನ್ನ ಪಿಎಚ್.ಡಿ. ಹೋಗ್ತೈತ್ರಿ ಸರ್" ಎಂದಳು ಅಕ್ಕ, ಅಷ್ಟೇ.

ಹಾಗೇ ಆಯಿತು. ಅಳೆದು ನೋಡಿದಾಗ ಕಬ್ಬಿಣವೆಲ್ಲ ಅಡ್ಡಾದಿಡ್ಡಿ ಕೂತಿತ್ತು. ಬೇಕಿದ್ದ ಕಾಂತಗುಣದ ಸುಳಿವಿರಲಿಲ್ಲ. ಹೊಸದಾಗಿ ಬೆಳೆಸಲು ಸಮಯ ಕೇಳಿದಳು. "ಅಭ್ಯರ್ಥಿ ಸಕಾಲಕ್ಕೆ ಕೆಲಸ ಮುಗಿಸಿಲ್ಲ" ಎಂದು ಷರಾ ಬರೆದು ತಿರಸ್ಕರಿಸಿದರು. ಸ್ವಿಚ್ ಆರಿಸಿದ ಕೈಯೇ ಅದನ್ನೂ ಬರೆಯಿತು! ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಪೂಜೆಯ ಮೇಲೆ ನನಗೇನೂ ಸಿಟ್ಟಿಲ್ಲ. ವಿಜ್ಞಾನಿ ಎಂದು ಊರೂರಲ್ಲಿ ಶಾಲು ಹೊದಿಸಿಕೊಳ್ಳುವ ಮನುಷ್ಯನಿಗೆ ಒಂದು ಚೀಟಿ ಓದುವ ವ್ಯವಧಾನ ಇರಲಿಲ್ಲವಲ್ಲ, ಸಿಟ್ಟು ಅದಕ್ಕೆ.

ಆಮೇಲೆ ಅಕ್ಕ ಹೊಸಪೇಟೆಯ ತುಂಗಭದ್ರಾ ಡ್ಯಾಂ ಹತ್ತಿರ ಮಕ್ಕಳಿಗೆ ಟ್ಯೂಷನ್ ಹೇಳುತ್ತಾ ಉಳಿದುಬಿಟ್ಟಳು. ಫರ್ನೇಸಿನ ಮಾತೆತ್ತಿದರೆ ಚಹಾ ತರಲು ಒಳಗೆ ಹೋಗುತ್ತಿದ್ದಳು...

ಹೋದ ತಿಂಗಳು ಕಾಯಿಲೆಯಿಂದ ತೀರಿಕೊಂಡಳು. ನಿನ್ನೆ ಸಂತಾಪ ಸಭೆ ಇತ್ತು. ವೇದಿಕೆಯ ಫ್ಲೆಕ್ಸಿನಲ್ಲಿ ಅವಳ ಹೆಸರಿಗೆ ದೊಡ್ಡದಾಗಿ "ಡಾ." ಸೇರಿಸಿದ್ದರು. ಹಾಕಿಸಿದವರು ಅದೇ ಮುಖ್ಯಸ್ಥರು, ಈಗ ನಿವೃತ್ತರು.

"ಇದನ್ಯಾಕ ಹಾಕ್ಸೀರಿ ಸರ್?" ಎಂದೆ.

"ಇರ್ಲಿ ಬಿಡೋ. ಹೋದೋರಿಗೆ ನಾವು ಮತ್ತೇನ್ ಕೊಡಾಕಾಗ್ತೈತಿ?"

ಕೈಯಲ್ಲಿದ್ದ ಹೂವನ್ನು ಕುರ್ಚಿಯ ಮೇಲಿಟ್ಟು ಎದ್ದು ಬಂದೆ. ಆ ಒಂದಕ್ಷರ ಕಿತ್ತು ಹಾಕ್ರಿ ಎಂದು ಜಗಳ ತೆಗೆಯಬೇಕಾದವಳು ಅಕ್ಕ. ಅವಳೇ ಇಲ್ಲ.