ಮಷಿನ್ನಿನ ಮೇಲೆ ಫಕ್ಕೀರವ್ವನ ರೊಟ್ಟಿ

ಹಾಂ, ನೀವು ನೋಡಿದ ಅದೇ ವಿಡಿಯೊ. ಅದರಲ್ಲಿ ಮಷಿನ್ನಿನ ಮೇಲೆ ಉಬ್ಬಿ ಕೂತಿದೆಯಲ್ಲ ಜೋಳದ ರೊಟ್ಟಿ, ಅದು ಮಷಿನ್ನಿನದಲ್ಲ. ಬಂಕಾಪುರದ ಫಕ್ಕೀರವ್ವ ಕೈಯಾರೆ ಬಡಿದದ್ದು.

ಸಂಜಯ ಅನ್ನೋ ಹುಡುಗ ಹೊಸ ಸಾಮಾನು ಬಳಸಿ ನೋಡಿ, ಒಳ್ಳೇದು ಕೆಟ್ಟದ್ದು ಹೇಳುವ ಚಾನೆಲ್ ನಡೆಸುತ್ತಾನೆ. ಈಗೀಗ ಕೆಟ್ಟದ್ದು ಹೇಳೋದನ್ನು ಬಿಟ್ಟಿದ್ದಾನೆ ಅನ್ನಿ. ಕರೆಂಟಿನ ರೊಟ್ಟಿ ಮಷಿನ್ ತಂದು ಫಕ್ಕೀರವ್ವನ ರೊಟ್ಟಿ ಅಂಗಡಿಯಲ್ಲೇ ಇಟ್ಟ. ಜೋಳದ ಹಿಟ್ಟು ಹಾಕಿದಷ್ಟೂ ರೊಟ್ಟಿ ಸೀಳಿ ಸೀಳಿ ಬಂತು.

“ಅವ್ವಾರ, ಹೊಟ್ಟಿ ಹಸದೈತ್ರಿ. ನಾಕ್ ರೊಟ್ಟಿ ಬಡದ್ ಕೊಡ್ರಿ,” ಅಂದ.

ಹಸಿದವರಿಗೆ ಇಲ್ಲ ಅನ್ನುವವಳಲ್ಲ ಅವಳು. ಬಡಿದು ಕೊಟ್ಟಳು. ಅವನು ಒಂದನ್ನೂ ಮುರಿಯಲಿಲ್ಲ, ಕಟ್ಟಿಸಿಕೊಂಡು ಮಷಿನ್ ಎತ್ತಿಕೊಂಡು ಹೋದ.

ಆಮೇಲೊಂದು ದಿನ ಪಕ್ಕದ ಮನೆಯ ಶಿವಬಸವ್ವ ಮೊಬೈಲಿನಲ್ಲಿ ಸಂಜಯನ ವಿಡಿಯೊ ಹಚ್ಚಿಕೊಂಡು ಬಂದಳು. ಅವಳಿಗೆ ಮುಂಗೈ ನೋವು, ರೊಟ್ಟಿ ಬಡಿಯಲಾಗದು. ಅವತ್ತೇ ಆ ಮಷಿನ್ ತರಿಸುವವಳಿದ್ದಳು.

“ಬ್ಯಾಡ ತಂಗಿ. ಅವು ನನ್ನ ರೊಟ್ಟಿ.”

“ಕೆಳಗ ಎಷ್ಟ್ ಮಂದಿ ಚಲೋ ಐತಿ ಅಂತ ಬರದಾರ ನೋಡಬೇ ಯಕ್ಕಾ. ಅವರೆಲ್ಲಾ ಸುಳ್ಳ, ನೀ ಒಬ್ಬಾಕಿ ಖರೆ? ಗಿರಾಕಿ ಕಡಿಮಿ ಆಕ್ಕಾರಂತ ಹೊಟ್ಟಿಕಿಚ್ಚ ನಿಂಗ.”

ಅಷ್ಟಂದು ಎದ್ದು ಹೋದಳು. ಫಕ್ಕೀರವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಶಿವಬಸವ್ವನ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಕಡೆಗೆ ಬಿಸಿ ರೊಟ್ಟಿಯೊಂದನ್ನು ತಾಟಿನಲ್ಲಿ ಹಿಡಿದು ಒಳಗೇ ನುಗ್ಗಿದಳು.

“ಆ ವಿಡಿಯೊ ಹಚ್ಚ. ಉಬ್ಬಿದ್ದ ನೋಡಬ್ಯಾಡ, ಅಂಚ ನೋಡ.”

ಸಣ್ಣವಳಿದ್ದಾಗ ಮುರಿದ ಅವಳ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿದೆ. ಬಡಿಯುವಾಗ ಪ್ರತಿ ರೊಟ್ಟಿಯ ಅಂಚಿನಲ್ಲೂ ಅದರದೊಂದು ತಗ್ಗು ಬೀಳುತ್ತದೆ. ತಾಟಿನ ರೊಟ್ಟಿಯಲ್ಲಿತ್ತು. ಮೊಬೈಲಿನ ರೊಟ್ಟಿಯಲ್ಲೂ ಇತ್ತು.

ಶಿವಬಸವ್ವ ಎರಡನ್ನೂ ಮತ್ತೆ ಮತ್ತೆ ನೋಡಿದಳು. “ನಿನ್ನ ಸೊಟ್ಟ ಬೆರಳಿಗೆ ಐದ ಸ್ಟಾರ್ ಕೊಟ್ಟಾರಲ್ಲಬೇ,” ಅಂದಳು. ಮಷಿನ್ ತರಿಸಲಿಲ್ಲ.

ಆದರೂ ಫಕ್ಕೀರವ್ವನಿಗೆ ಸಮಾಧಾನವಿಲ್ಲ. ನಿಜ ಹೇಳಿ ಬರೆಸಿದ ಕಾಮೆಂಟು ಅಳಿಸಿಹೋಯಿತು, ಇನ್ನೊಂದು ಬರೆಸಿದಳು, ಅದೂ ಹೋಯಿತು. ವಿಡಿಯೊ ಮಾತ್ರ ಓಡುತ್ತಲೇ ಇದೆ. ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಯಾರೋ ತನ್ನ ರೊಟ್ಟಿ ನೋಡಿ ಮೋಸ ಹೋಗುತ್ತಿರಬಹುದು ಅಂತ ಒಂದೇ ಚಡಪಡಿಕೆ.

ಅದಕ್ಕೇ ಹೇಳೋದು, ಮಷಿನ್ ತರಿಸೋ ಮೊದಲು ನೀವೊಮ್ಮೆ ಬಂಕಾಪುರಕ್ಕೆ ಹೋಗಿ ಅವಳನ್ನು ಕಾಣಿ. ಹಸಿವಾಗಿದೆ ಅಂದರೆ ಈಗಲೂ ರೊಟ್ಟಿ ಕೊಡುತ್ತಾಳೆ. ಕ್ಯಾಮೆರಾ ಇದ್ದರೆ ಮಾತ್ರ ಮೊದಲ ತುತ್ತು ಅವಳ ಕಣ್ಣೆದುರೇ ಮುರಿಯಬೇಕು.